ಇಂಟಾನ್ ಭತ್ತ: ತಗ್ಗು ಗದ್ದೆಗೆ ಸರಿ, ಮೇಲಿನ ಗದ್ದೆಗೆ ಬೇಡ

ಇಂಡೋನೇಷ್ಯಾ ಮೂಲದ ಈ ತಳಿ ಕೊಡಗಿನಲ್ಲಿ ಬಹಳ ಕಾಲದಿಂದ ಇದೆ. ಅವಧಿ ಸುಮಾರು 160 ದಿನ. ಇದರ ಒಳ್ಳೆಯದು, ಕೆಟ್ಟದ್ದು ಎರಡೂ ಈ ಅವಧಿಯಿಂದಲೇ ಬರುವುದು.

ನವೆಂಬರ್‌ವರೆಗೂ ತೇವ ಆರದ ತಗ್ಗು ಗದ್ದೆಯಲ್ಲಿ ಎಕರೆಗೆ 18ರಿಂದ 20 ಕ್ವಿಂಟಾಲ್ ನಿರೀಕ್ಷಿಸಬಹುದು. ಅಕ್ಟೋಬರ್‌ನಲ್ಲೇ ನೀರು ಹಿಂಗುವ ಮೇಲಿನ ಗದ್ದೆಗೆ ಹಾಕಿದರೆ ಹಾಲು ತುಂಬುವ ಹೊತ್ತಿಗೆ ಒಣಗಿ ಜೊಳ್ಳಾಗುತ್ತದೆ. ಅಲ್ಲಿಗೆ ಜ್ಯೋತಿಯಂಥ ಬೇಗ ಬರುವ ತಳಿಯೇ ಮೇಲು.

ಬೀಜ ಎಕರೆಗೆ 25 ಕೆ.ಜಿ. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಸುರಿದು, ತೇಲಿದ್ದನ್ನು ತೆಗೆದು, ಉಳಿದದ್ದನ್ನು ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆ ಕುಂಠಿತ. ಜೂನ್ ಮಧ್ಯದೊಳಗೆ ಸಸಿಮಡಿ, 25–30 ದಿನದ ಸಸಿ ನಾಟಿ. ಆಗಸ್ಟ್ ಮಧ್ಯ ದಾಟಿಸಿದರೆ ಹೂ ಬಿಡುವಾಗ ಚಳಿ ಹಿಡಿದು ಕಾಳು ಕಟ್ಟುವುದಿಲ್ಲ. ಮಳೆ ಕೈಕೊಟ್ಟ ವರ್ಷ ಇಂಟಾನ್ ಬಿಟ್ಟು ಬೇರೆ ಬೀಜ ನೋಡುವುದೇ ಲೇಸು.

ಹೆಚ್ಚಿನವರು ಎಡವುವುದು ಗೊಬ್ಬರದಲ್ಲಿ. ಎಕರೆಗೆ 30 ಕೆ.ಜಿ. ಸಾರಜನಕ ಸಾಕು. 65 ಕೆ.ಜಿ. ಡಿಎಪಿ ಹಾಕಿದರೆ ಅದರಲ್ಲೇ 12 ಕೆ.ಜಿ. ಬಂದಿರುತ್ತದೆ, ಯೂರಿಯಾ ಇನ್ನು 40 ಕೆ.ಜಿ. ಮಾತ್ರ. ಅದನ್ನು ಮರೆತು ಮತ್ತೊಂದು ಮೂಟೆ ಯೂರಿಯಾ ಸುರಿದರೆ ಹಸಿರು ಕಣ್ಣಿಗೆ ಚೆನ್ನ, ಆದರೆ ಎತ್ತರದ ಪೈರು ತೆನೆ ಭಾರಕ್ಕೆ ಮಲಗುತ್ತದೆ, ಬೆಂಕಿ ರೋಗವೂ (ಎಲೆ, ತೆನೆ ಒಣಗಿಸುವ ಶಿಲೀಂಧ್ರ ರೋಗ) ಬೇಗ ಹತ್ತುತ್ತದೆ. ಯೂರಿಯಾವನ್ನು ತೆಂಡೆ ಒಡೆಯುವಾಗ (ಬುಡದಲ್ಲಿ ಮರಿ ಪೈರು ಬರುವಾಗ) ಅರ್ಧ, ತೆನೆ ಕಟ್ಟಲು ಶುರುವಾಗುವಾಗ ಅರ್ಧ ಕೊಡಿ. ಹಾಕುವ ಮುಂಚೆ ಬದುವಿನ ಕಂಡಿ ಮುಚ್ಚದಿದ್ದರೆ ಗೊಬ್ಬರವೆಲ್ಲ ಕೆಳಗಿನ ಗದ್ದೆಯವರ ಪಾಲು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ 60 ಕೆ.ಜಿ.; ಇದರಲ್ಲಿ ಜಿಪುಣತನ ಮಾಡಬೇಡಿ, ಕಾಂಡಕ್ಕೆ ಬಲ ಬರುವುದೇ ಇದರಿಂದ.

ಬೆಂಕಿ ರೋಗ ತಡೆಯುವ ತಳಿ ಎಂಬ ಹೆಸರಿದೆ. ಎಲೆಯ ಮಟ್ಟಿಗೆ ನಿಜ. ಸೆಪ್ಟೆಂಬರ್, ಅಕ್ಟೋಬರ್‌ನ ಮೋಡ, ಜಿಟಿಜಿಟಿ ಮಳೆ, ರಾತ್ರಿ ತಂಪು ಸೇರಿದರೆ ತೆನೆಯ ಕುತ್ತಿಗೆಗೆ ಬೀಳುವ ರೋಗವನ್ನು ಈ ತಳಿ ನಂಬಿ ಕೂರುವಂತಿಲ್ಲ. ತೆನೆ ಇಣುಕುವಾಗ ಲೀಟರಿಗೆ 0.6 ಗ್ರಾಂ ಟ್ರೈಸೈಕ್ಲಜೋಲ್ ಸಿಂಪಡಿಸಿದರೆ ಉಳಿಯುತ್ತದೆ; ಕುತ್ತಿಗೆ ಕಪ್ಪಾದ ಮೇಲೆ ಔಷಧಿ ದಂಡ.

ಕೊಯ್ಲು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸು. ಅರೇಬಿಕಾ ಕಾಫಿ ಹಣ್ಣು ಕೊಯ್ಯುವ ಕೆಲಸವೂ ಅದೇ ಹೊತ್ತಿಗೆ ಬರುವುದರಿಂದ ಆಳು ಸಿಗುವುದಿಲ್ಲ, ತೇವದ ತಗ್ಗಿನಲ್ಲಿ ಕೊಯ್ಲು ಯಂತ್ರ ಹೂತುಕೊಳ್ಳುತ್ತದೆ. ಕೊಯ್ಲಿಗೆ 10 ದಿನ ಮುಂಚೆಯೇ ನೀರು ಬಸಿದುಬಿಡಿ. ಕಾಡಂಚಿನಲ್ಲಿ ಇನ್ನೊಂದು ಕಾಟ: ಬೇಗ ಬರುವ ತಳಿಯವರು ಕೊಯ್ದು ಮುಗಿಸಿದ ಮೇಲೆ ಆನೆಗೆ ಉಳಿಯುವುದು ನಿಮ್ಮ ಗದ್ದೆಯೊಂದೇ. ಸುತ್ತಲಿನವರೂ ಇಂಟಾನ್ ಹಾಕಿದ್ದರೆ ಮಾತ್ರ ಅಲ್ಲಿ ಹಾಕಿ.

ಹುಲ್ಲು ಧಾರಾಳ, ದನ ಇರುವವರಿಗೆ ಲಾಭ. ಹೊಸ ಅಕ್ಕಿಯ ಅನ್ನ ಅಂಟುತ್ತದೆ, ಆರು ತಿಂಗಳು ಇಟ್ಟರೆ ಉದುರಾಗುತ್ತದೆ. ಮಲಗದ, ರೋಗವಿಲ್ಲದ ಭಾಗದ ತೆನೆಯನ್ನೇ ಆರಿಸಿ ಒಣಗಿಸಿಟ್ಟರೆ ಮರುವರ್ಷಕ್ಕೆ ಮನೆಯ ಬೀಜವೇ ಆಗುತ್ತದೆ. ಬೆರಕೆ ಕಂಡರೆ, ಇಲ್ಲವೇ ಮೂರು ವರ್ಷಕ್ಕೊಮ್ಮೆ, ಬೀಜ ಬದಲಿಸಿ.