ಜರ್ಮನ್, ನಾರ್ಡಿಕ್ ಓದಿಗೆ ಹಣ: ತುಮಕೂರಿನಿಂದ ನೋಡಿದರೆ ಡಾಡ್ ಎಷ್ಟು ಉಪಯೋಗ, ಉಳಿದವು ಎಷ್ಟು?

ಎಲ್ಲರೂ ಡಾಡ್ ಎಂದೇ ಕರೆಯುವ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ ಶುರುವಾದದ್ದು 1925ರಲ್ಲಿ. ಜರ್ಮನ್ ಸಾಹಿತ್ಯಕ್ಕೋ ಸ್ವೀಡನ್, ನಾರ್ವೆ, ಐಸ್‌ಲ್ಯಾಂಡ್ ಕಡೆಯ ನಾರ್ಡಿಕ್ ಅಧ್ಯಯನಕ್ಕೋ ಹಣ ಹುಡುಕುವ ತುಮಕೂರಿನ ವಿದ್ಯಾರ್ಥಿ ಮೊದಲು ತೆರೆಯಬೇಕಾದ ಜಾಲತಾಣ ಇವತ್ತಿಗೂ ಅದೇ. ಅರ್ಜಿಗೆ ಶುಲ್ಕವಿಲ್ಲ, ಏಜೆಂಟರೂ ಬೇಕಿಲ್ಲ. ಬಿ.ಎಚ್. ರಸ್ತೆಯಲ್ಲಿ ಯಾರಾದರೂ ‘ಡಾಡ್ ಫೈಲ್ ಹಾಕಿಕೊಡ್ತೀವಿ’ ಎಂದು ದುಡ್ಡು ಕೇಳಿದರೆ ಎದ್ದು ಬನ್ನಿ.

ಜಾಲತಾಣದ ಹುಡುಕು ಪುಟದಲ್ಲಿ ನಿಮ್ಮ ದೇಶ, ವಿಷಯ, ಓದಿನ ಹಂತ ಮೂರನ್ನೂ ತುಂಬಬೇಕು. ದೇಶವನ್ನು ಖಾಲಿ ಬಿಟ್ಟರೆ ಬೇರೆಯವರಿಗೆ ಮೀಸಲಾದ ಯೋಜನೆಗಳೂ ಸಾಲುಗಟ್ಟಿ ಬರುತ್ತವೆ. ಭಾರತ ಎಂದು ತುಂಬಿದ ಕೂಡಲೇ ಪಟ್ಟಿ ಕುಗ್ಗುತ್ತದೆ. ಬೇಸರವಾದರೂ ಅದೇ ನಿಜವಾದ ಪಟ್ಟಿ. ಮಾನವಿಕ ವಿಷಯದವರಿಗೆ ಅದರಲ್ಲಿ ಗಟ್ಟಿಯಾದದ್ದು ಸಂಶೋಧನಾ ವೇತನ: ಪಿಎಚ್.ಡಿ. ಪೂರ್ತಿ ಅಲ್ಲೇ ಮಾಡಬಹುದು, ಅಥವಾ ಇಲ್ಲಿ ನೋಂದಾಯಿಸಿಕೊಂಡು ಆರು ತಿಂಗಳೊಳಗಿನ ಅವಧಿಗೆ ಹೋಗಿಬರಬಹುದು. 2025ರ ದರದಲ್ಲಿ ಪಿಎಚ್.ಡಿ.ಯವರಿಗೆ ತಿಂಗಳಿಗೆ 1,400 ಯೂರೋ. ಜೊತೆಗೆ ಆರೋಗ್ಯ ವಿಮೆ, ಪ್ರಯಾಣ ಭತ್ಯೆ. ಆರು ತಿಂಗಳಿಗಿಂತ ದೀರ್ಘ ವೇತನವಾದರೆ ಹೊರಡುವ ಮೊದಲಿನ ಭಾಷಾ ತರಗತಿಗೂ ಹಣ ಸಿಗಬಹುದು.

ಅರ್ಜಿ ಮುಗ್ಗರಿಸುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಜರ್ಮನಿಯ ಪ್ರಾಧ್ಯಾಪಕರ ಒಪ್ಪಿಗೆ ಪತ್ರ. ‘ಬನ್ನಿ, ಸ್ವಾಗತ’ ಎಂಬ ಎರಡು ಸಾಲು ನಿಲ್ಲುವುದಿಲ್ಲ. ನಿಮ್ಮ ವಿಷಯವನ್ನು ಹೆಸರಿಸಿ, ಮಾರ್ಗದರ್ಶನಕ್ಕೆ ಒಪ್ಪಿರುವುದಾಗಿ ಬರೆದಿರಬೇಕು. ಅದಕ್ಕೆ ಐದಾರು ತಿಂಗಳ ಮೊದಲೇ ಪತ್ರವ್ಯವಹಾರ ಶುರುಮಾಡಿ. ಒಂದು ಪುಟದ ಸಾರಾಂಶ ಕಳಿಸಿದರೆ ಓದುತ್ತಾರೆ, ಮೂವತ್ತು ಪುಟದ ಪ್ರಬಂಧ ಕಳಿಸಿದರೆ ಓದುವುದಿಲ್ಲ. ಎರಡು, ಕೊನೆಯ ಪದವಿ ಮುಗಿದು ಆರು ವರ್ಷ ಮೀರಿರಬಾರದು ಎಂಬ ನಿಯಮ. ಬಿ.ಎಡ್. ಮಾಡಿ ನಾಲ್ಕಾರು ವರ್ಷ ಪಾಠ ಹೇಳಿ, ಆಮೇಲೆ ಮನಸ್ಸು ಮಾಡುವ ನಮ್ಮ ಕಡೆಯವರು ಇಲ್ಲೇ ಸಿಕ್ಕಿಬೀಳುವುದು. ಕನ್ನಡದಲ್ಲಷ್ಟೇ ಇರುವ ದಾಖಲೆಗಳಿಗೆ ಅನುವಾದ ಲಗತ್ತಿಸಬೇಕು.

ವಿಷಯದ ಆಯ್ಕೆಯಲ್ಲಿ ಕನ್ನಡಿಗರ ಕೈಯಲ್ಲಿ ಒಳ್ಳೆಯ ಸರಕಿದೆ. ಜರ್ಮನಿಯ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ತಂದರು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ, ಅವರು ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಕನ್ನಡ, ಜರ್ಮನ್ ಎರಡೂ ಓದಬಲ್ಲ ಸಂಶೋಧಕರು ವಿರಳವಾದ್ದರಿಂದ ಇಂಥ ಪ್ರಸ್ತಾವಕ್ಕೆ ತೂಕ ತಾನಾಗಿ ಬರುತ್ತದೆ. ಆದರೆ ಇವರಿಬ್ಬರನ್ನೂ ಇಲ್ಲಿಗೆ ಕಳಿಸಿದ ಬಾಸೆಲ್ ಮಿಷನ್ನಿನ ದಾಖಲೆಗಳಿರುವ ಬಾಸೆಲ್ ಊರು ಸ್ವಿಟ್ಜರ್ಲೆಂಡಿನಲ್ಲಿದೆ. ಡಾಡ್ ಹಣ ಜರ್ಮನಿಯ ಓದಿಗೆ. ಹಾಗಾಗಿ ಗಡಿಯ ಈಚೆಗಿರುವ ಫ್ರೈಬುರ್ಗ್‌ನಂಥ ಕಡೆ ನೆಲೆ ಹೂಡಿ, ಬಾಸೆಲ್‌ಗೆ ಹೋಗಿಬರುವ ದಿನಗಳನ್ನು ವೇಳಾಪಟ್ಟಿಯಲ್ಲೇ ತೋರಿಸುವುದು ಜಾಣತನ. ಇನ್ನೊಂದು ಗುಂಡಿ ನಮ್ಮಲ್ಲೇ ಇದೆ. ಪರಿಶಿಷ್ಟ ಜಾತಿ ಮೊದಲಾದವರಿಗೆ ಕೇಂದ್ರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು 2022ರ ಮಾರ್ಗಸೂಚಿಯಿಂದ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಕುರಿತ ವಿಷಯಗಳನ್ನು ಹೊರಗಿಟ್ಟಿತು. ಡಾಡ್‌ನವರಿಗೆ ಹಿಡಿಸುವ ಕಿಟ್ಟೆಲ್ ಇಲ್ಲಿ ತಿರಸ್ಕಾರಕ್ಕೆ ಕಾರಣವಾಗಬಹುದು! ಎರಡಕ್ಕೂ ಒಂದೇ ಪ್ರಸ್ತಾವ ಹಾಕಬೇಡಿ.

ಎಂ.ಎ.ಗೆ ಹೋಗುವವರ ಲೆಕ್ಕ ಬೇರೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ ಮಾತ್ರ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ಕೇಳುತ್ತದೆ. ಹೈಡೆಲ್‌ಬೆರ್ಗ್, ಟ್ಯೂಬಿಂಗನ್, ಫ್ರೈಬುರ್ಗ್ ಮೂರೂ ಅಲ್ಲಿಯವೇ. ಹೆಸರು ನೋಡಿ ಮರುಳಾದರೆ ನಾಲ್ಕು ಸೆಮಿಸ್ಟರಿಗೆ 6,000 ಯೂರೋ. ಪಿಎಚ್.ಡಿ.ಯವರಿಗೆ ಈ ಹೊರೆ ಇಲ್ಲ. ವೇತನವಿಲ್ಲದೆ ಹೊರಟವರು ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಖಾತೆ) 11,904 ಯೂರೋ ತೋರಿಸಬೇಕು, ಯೂರೋಗೆ ನೂರು ರೂಪಾಯಿ ಹಿಡಿದರೂ ಸುಮಾರು 12 ಲಕ್ಷ. ಇದರ ಮೇಲೆ, ನಮ್ಮ ಪದವಿ ದಾಖಲೆಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ಅಲ್ಲಿ ಸೇರಿದ ಮೇಲೆ ಡಾಯ್ಚ್‌ಲಾಂಡ್ ಸ್ಟಿಪೆಂಡಿಯಂ ಎಂಬ ವಿದ್ಯಾರ್ಥಿವೇತನ ತಿಂಗಳಿಗೆ 300 ಯೂರೋ ಕೊಡುತ್ತದೆ. ಹೈನ್‌ರಿಶ್ ಬ್ಯೋಲ್, ಫ್ರೀಡ್‌ರಿಶ್ ಎಬೆರ್ಟ್ ಪ್ರತಿಷ್ಠಾನಗಳು ಇನ್ನೂ ಉದಾರ. ಆದರೆ ಅವು ಅಂಕದ ಜೊತೆಗೆ ಸಾಮಾಜಿಕ ಕೆಲಸವನ್ನೂ ಕೇಳುತ್ತವೆ, ಜರ್ಮನ್ ಚೆನ್ನಾಗಿ ಬರಬೇಕು. ಎನ್ನೆಸ್ಸೆಸ್ ಕ್ಯಾಂಪಿನ ಪ್ರಮಾಣಪತ್ರ ಬೀರುವಿನಲ್ಲಿದ್ದರೆ ತೆಗೆದಿಡಿ.

ಇನ್ನು ನಾರ್ಡಿಕ್. ಅದನ್ನು ಓದಲು ನಾರ್ಡಿಕ್ ದೇಶಕ್ಕೇ ಹೋಗಬೇಕೆಂದಿಲ್ಲ. ಕೀಲ್, ಗ್ರೈಫ್ಸ್‌ವಾಲ್ಡ್, ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯಗಳಲ್ಲಿ ಸ್ಕ್ಯಾಂಡಿನೇವಿಯಾ ಅಧ್ಯಯನ ವಿಭಾಗಗಳಿವೆ. ಮೂರೂ ಬೋಧನಾ ಶುಲ್ಕವಿಲ್ಲದ ರಾಜ್ಯಗಳಲ್ಲಿವೆ. ಅತ್ತ ಸ್ವೀಡನ್ 2011ರಿಂದ, ಫಿನ್ಲೆಂಡ್ 2017ರಿಂದ, ನಾರ್ವೆ 2023ರಿಂದ ಯೂರೋಪಿನ ಹೊರಗಿನವರಿಗೆ ಶುಲ್ಕ ವಿಧಿಸುತ್ತಿವೆ. ಸ್ವೀಡನ್ನಿನ ಲುಂಡ್, ಉಪ್ಸಲಾ ವಿಶ್ವವಿದ್ಯಾಲಯಗಳು ಕೊಡುವ ಗ್ಲೋಬಲ್ ಸ್ಕಾಲರ್‌ಶಿಪ್ ಶುಲ್ಕವನ್ನಷ್ಟೇ ಮನ್ನಾ ಮಾಡುತ್ತದೆ, ಊಟ-ವಸತಿಗೆ ಕಾಸಿಲ್ಲ. ಲುಂಡ್‌ನದು ಕೆಲವರಿಗೆ ಕಾಲು ಭಾಗವಷ್ಟೇ. ಪಿಎಚ್.ಡಿ. ಮಾತ್ರ ತದ್ವಿರುದ್ಧ. ಸ್ವೀಡನ್, ನಾರ್ವೆಯಲ್ಲಿ ಅದು ಸಂಬಳದ ನೌಕರಿ, ಶುಲ್ಕವಿಲ್ಲ. ಅದನ್ನು ವಿದ್ಯಾರ್ಥಿವೇತನದ ಪುಟದಲ್ಲಿ ಹುಡುಕಿ ಫಲವಿಲ್ಲ, ವಿಶ್ವವಿದ್ಯಾಲಯದ ಉದ್ಯೋಗ ಪುಟದಲ್ಲಿ ಹುಡುಕಿ. ಸಾಹಿತ್ಯ ವಿಭಾಗಗಳಲ್ಲಿ ಹುದ್ದೆ ಅಪರೂಪ, ಅಲ್ಲಿಯ ಭಾಷೆಯೂ ಬೇಕು. ಐಸ್‌ಲ್ಯಾಂಡಿಕ್ ರುಚಿ ನೋಡಬೇಕೆನ್ನುವವರಿಗೆ ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದ ‘ಐಸ್‌ಲ್ಯಾಂಡಿಕ್ ಆನ್‌ಲೈನ್’ ಪಾಠ ಉಚಿತವಾಗಿದೆ.

ಗೂಗಲ್ ಮಾಡಿದಾಗ ಮೇಲೆಯೇ ಬರುವ ಅಮೆರಿಕನ್-ಸ್ಕ್ಯಾಂಡಿನೇವಿಯನ್ ಫೌಂಡೇಷನ್ನಿನ ವೇತನಗಳಿಗೆ ಹೊತ್ತು ಕಳೆಯಬೇಡಿ. ಅವು ಅಮೆರಿಕದವರಿಗೆ ಮತ್ತು ನಾರ್ಡಿಕ್ ದೇಶದವರಿಗೆ. ಅಮೆರಿಕವೇ ಬೇಕಿದ್ದರೆ ವಿಸ್ಕಾನ್ಸಿನ್-ಮ್ಯಾಡಿಸನ್‌ನಂಥ ವಿಶ್ವವಿದ್ಯಾಲಯಗಳ ಜರ್ಮನ್ ವಿಭಾಗಗಳ ಬೋಧನಾ ಸಹಾಯಕ ಹುದ್ದೆ ನೋಡಿ. ಜರ್ಮನ್ ಮೊದಲ ವರ್ಷದ ಪಾಠ ಹೇಳಿದರೆ ಶುಲ್ಕವೂ ಕಳೆಯುತ್ತದೆ, ಕೈಗೂ ಬರುತ್ತದೆ.

ಮೇಲಿನ ಬಹುಪಾಲು ಬಾಗಿಲಿಗೆ ಕೀಲಿ ಜರ್ಮನ್ ಭಾಷೆಯೇ. ಜರ್ಮನಿಯ ಸಾಹಿತ್ಯ ವಿಭಾಗಕ್ಕೆ ಸಿ1 ಮಟ್ಟ (ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ಐದನೆಯದು), ಅಥವಾ ಟೆಸ್ಟ್‌ಡಾಫ್ ಎಂಬ ಜರ್ಮನ್ ಭಾಷಾ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ 4 ಎಂದಿಟ್ಟುಕೊಳ್ಳಿ. ತುಮಕೂರಿನವರು ಯಶವಂತಪುರದಲ್ಲಿ ರೈಲಿಳಿದು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಜರ್ಮನ್ ಕಲಿಸುವ, ಇಂದಿರಾನಗರದ ಗೋಥೆ-ಇನ್‌ಸ್ಟಿಟ್ಯೂಟ್ ಸಿಗುತ್ತದೆ. 2024ರಿಂದ ಅದರ ಸಿ1 ಪರೀಕ್ಷೆ ನಾಲ್ಕು ಬಿಡಿ ಭಾಗಗಳಾಗಿದೆ. ಫೇಲಾದ ಭಾಗವನ್ನಷ್ಟೇ ಮತ್ತೆ ಬರೆಯಬಹುದು, ಖರ್ಚು ಉಳಿಯುತ್ತದೆ. ಕೆಲಸ ಮಾಡಿಕೊಂಡು ಕಲಿಯುವವರು ಸೊನ್ನೆಯಿಂದ ಸಿ1ಗೆ ಎರಡು ವರ್ಷ ಇಟ್ಟುಕೊಳ್ಳುವುದು ಕ್ಷೇಮ.

ಡಾಡ್‌ಗೆ ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಅರ್ಜಿ ಹಾಕುವ ಅದರ ಪೋರ್ಟಲ್‌ಗೆ: ಶಿಫಾರಸು ಪತ್ರದ ನಮೂನೆ ಅದರೊಳಗಿಂದಲೇ ಹುಟ್ಟಬೇಕು, ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿದ್ದು ನಡೆಯದು. ಕೊನೆಯ ದಿನಾಂಕ ಜರ್ಮನಿಯ ನಡುರಾತ್ರಿಗೆ ಮುಗಿಯುತ್ತದೆ, ಎಂದರೆ ಚಳಿಗಾಲದಲ್ಲಿ ನಮ್ಮ ಬೆಳಗಿನ ಜಾವ 4.30, ಬೇಸಿಗೆಯಲ್ಲಿ 3.30. ಆ ಹೊತ್ತಿಗೆ ಶಿಫಾರಸು ಕೊಡಬೇಕಾದ ಮೇಷ್ಟ್ರು ಫೋನ್ ಎತ್ತುವುದಿಲ್ಲ. ಅವರ ಕೆಲಸವನ್ನು ಮೂರು ವಾರ ಮೊದಲೇ ಮುಗಿಸಿಕೊಳ್ಳಿ.