ಕಿನ್‌ಫಿಟ್‌ಆರ್: ಕೇಳಿದ್ದಕ್ಕೆಲ್ಲ ಅಂಕಿ ಕೊಡುವ ಪ್ಯಾಕೇಜು

ಪೆಟ್ ಸ್ಕ್ಯಾನ್‌ಗೆ ದೇಹಕ್ಕೆ ಚುಚ್ಚುವ ವಿಕಿರಣಶೀಲ ವಸ್ತುವಿಗೆ ಟ್ರೇಸರ್ ಅನ್ನುತ್ತಾರೆ. ಅದನ್ನು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ತರಲು ರಸ್ತೆಯಲ್ಲಿ ಆರು ತಾಸು ಅಂತಿಟ್ಟುಕೊಳ್ಳಿ. ಫ್ಲೋರಿನ್-18ರ ಅರ್ಧಾಯು (ವಿಕಿರಣ ಅರ್ಧಕ್ಕಿಳಿಯುವ ಹೊತ್ತು) ಸುಮಾರು 110 ನಿಮಿಷ, ಹಾಗಾಗಿ ಹೊರಟಾಗ ಇದ್ದ ವಿಕಿರಣದಲ್ಲಿ ಹತ್ತನೇ ಒಂದು ಪಾಲು ಇಲ್ಲಿಗೆ ಮುಟ್ಟೀತು. ಕಾರ್ಬನ್-11 ಆದರೆ ಅರ್ಧಾಯು 20.4 ನಿಮಿಷ, ಉಳಿಯುವುದು ಎರಡು ಲಕ್ಷದಲ್ಲಿ ಒಂದು ಪಾಲು. ಮೆದುಳಿನ ರಿಸೆಪ್ಟರ್‌ಗಳ ಅಧ್ಯಯನಕ್ಕೆ ಬಳಸುವ ಟ್ರೇಸರ್‌ಗಳಲ್ಲಿ ಬಹಳಷ್ಟು ಈ ಕಾರ್ಬನ್-11ರವೇ. ಶಂಕರಘಟ್ಟದಲ್ಲೋ ಸಾಗರದಲ್ಲೋ ಕೂತು ಪೆಟ್ ಟ್ರೇಸರ್ ಮಾಡೆಲಿಂಗ್ (ಟ್ರೇಸರ್ ದೇಹದಲ್ಲಿ ಓಡಾಡುವ ರೀತಿಯನ್ನು ಲೆಕ್ಕದಲ್ಲಿ ಹಿಡಿಯುವುದು) ಕಲಿಯುವವರ ಕೈಗೆ ಟ್ರೇಸರ್ ಬರುವುದಿಲ್ಲ, ಡೇಟಾ ಬರುತ್ತದೆ. ಓಪನ್‌ನ್ಯೂರೋದಂಥ ತಾಣಗಳಲ್ಲಿ ಪೆಟ್ ಡೇಟಾ ಮುಕ್ತವಾಗಿ ಸಿಗುತ್ತದೆ. ಅದನ್ನು ಲೆಕ್ಕಕ್ಕೆ ಹಚ್ಚುವ ಸಾಧನ ಮಾತ್ರ ನಮ್ಮ ಲ್ಯಾಪ್‌ಟಾಪಿನಲ್ಲಿ ಇರಬೇಕು.

ಅಂಥ ಸಾಧನಗಳ ಪೈಕಿ ಕಿನ್‌ಫಿಟ್‌ಆರ್ ಒಂದು. ಗ್ರಾನ್‌ವಿಲ್ ಮ್ಯಾಥೆಸನ್ ಬರೆದ, ಆರ್ ಭಾಷೆಯಲ್ಲಿ ಓಡುವ, ದುಡ್ಡು ಕೇಳದ ಪ್ಯಾಕೇಜು. ಪಿಮಾಡ್‌ನಂಥ ದುಡ್ಡಿನ ಸಾಫ್ಟ್‌ವೇರ್‌ನಲ್ಲಿ ಗುಂಡಿ ಒತ್ತಿ ಮಾಡುವ ಕೆಲಸವನ್ನು ಇಲ್ಲಿ ಸಾಲು ಸಾಲಾಗಿ ಬರೆದು ಮಾಡಬೇಕು. ಆರ್ ಗೊತ್ತಿಲ್ಲದವರಿಗೆ ಮೊದಲ ವಾರ ಬೇಸರ ಬರಿಸುತ್ತದೆ. ಗೊತ್ತಿದ್ದವರಿಗೆ ಇದೇ ಲಾಭ: ಯಾವ ಹೆಜ್ಜೆಯಲ್ಲಿ ಏನು ಮಾಡಿದಿರಿ ಎಂಬುದು ಸ್ಕ್ರಿಪ್ಟಿನಲ್ಲೇ ಉಳಿಯುತ್ತದೆ, ಗೈಡ್ ಕೇಳಿದಾಗ ತೆಗೆದು ತೋರಿಸಬಹುದು.

ಇದು ಏನು ಮಾಡುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿತ್ರ ಕಟ್ಟುವುದು, ತಲೆ ಅಲುಗಾಡಿದ್ದನ್ನು ಸರಿಪಡಿಸುವುದು, ಎಂಆರ್‌ಐ ಮೇಲೆ ಕೂರಿಸಿ ಮೆದುಳಿನ ಭಾಗಗಳನ್ನು ಗುರುತಿಸುವುದು, ಇದೆಲ್ಲ ಬೇರೆ ಕಡೆ ಆಗಿ ಬರಬೇಕು. ಕಿನ್‌ಫಿಟ್‌ಆರ್‌ಗೆ ಬೇಕಾದದ್ದು ಟ್ಯಾಕ್, ಅಂದರೆ ಒಂದೊಂದು ಭಾಗದಲ್ಲೂ ವಿಕಿರಣ ಹೊತ್ತಿನ ಜೊತೆ ಹೇಗೆ ಏರಿಳಿಯಿತು ಎಂಬ ಪಟ್ಟಿ. ಕೆಲವೇ ಕಿಲೋಬೈಟ್‌ನ ಫೈಲು ಅದು, ಹಳೆಯ ಲ್ಯಾಪ್‌ಟಾಪೂ ಸಾಕು. ವಾಕ್ಸೆಲ್ (ಚಿತ್ರದ ಅತಿ ಚಿಕ್ಕ ಘನ ಚುಕ್ಕಿ) ಒಂದೊಂದಕ್ಕೂ ಫಿಟ್ ಮಾಡಿ, ಅಂದರೆ ಮಾದರಿಯ ರೇಖೆಯನ್ನು ಡೇಟಾಕ್ಕೆ ಕೂರಿಸಿ, ಬಣ್ಣದ ಪಟ ತೆಗೆಯುತ್ತೇನೆ ಅನ್ನುವವರಿಗೆ ಇದು ನಿಧಾನ, ಬೇರೆ ಸಾಧನ ನೋಡಿಕೊಳ್ಳಿ.

ಕಲಿಯುವವರು ಶುರುಮಾಡಬೇಕಾದದ್ದು ಪ್ಯಾಕೇಜಿನ ಜೊತೆಗೇ ಬರುವ ಸಿಮ್‌ರೆಫ್ ಡೇಟಾದಿಂದ. ಅದು ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದು, ರಕ್ತದ ಮಾದರಿ ಬೇಡ. ಎಸ್‌ಆರ್‌ಟಿಎಂ (ರಕ್ತದ ಬದಲು ಮೆದುಳಿನದೇ ಒಂದು ಭಾಗವನ್ನು ಹೋಲಿಕೆಗೆ ಹಿಡಿಯುವ ಮಾದರಿ) ಫಂಕ್ಷನ್‌ಗೆ ನಾಲ್ಕು ಸಂಗತಿ ಕೊಡಬೇಕು: ಫ್ರೇಮುಗಳ (ಸ್ಕ್ಯಾನಿನ ಹೊತ್ತಿನ ತುಂಡುಗಳ) ನಡುಹೊತ್ತು, ರೆಫರೆನ್ಸ್ ಅಂದರೆ ರಿಸೆಪ್ಟರ್ ಇಲ್ಲದ ಭಾಗದ ಟ್ಯಾಕ್, ನಮಗೆ ಬೇಕಾದ ಭಾಗದ ಟ್ಯಾಕ್, ತೂಕ (ಯಾವ ಫ್ರೇಮನ್ನು ಎಷ್ಟು ನಂಬಬೇಕು ಎಂಬ ಅಂಕಿ). ಲ್ಯಾಮರ್ಟ್ಸ್ಮಾ ಮತ್ತು ಹ್ಯೂಮ್ 1996ರಲ್ಲಿ ಕೊಟ್ಟ ಮಾದರಿ ಇದು. ವಾಪಸು ಬರುವುದು ಮೂರು ಅಂಕಿ: ಆರ್1 (ಎರಡು ಭಾಗಗಳಿಗೆ ಟ್ರೇಸರ್ ಒಳಹೋಗುವ ವೇಗದ ಅನುಪಾತ), ಕೆ2 (ಹೊರಬರುವ ದರ), ಮತ್ತು ಬೈಂಡಿಂಗ್ ಪೊಟೆನ್ಷಿಯಲ್ (ಟ್ರೇಸರ್ ರಿಸೆಪ್ಟರ್‌ಗೆ ಎಷ್ಟು ಅಂಟುತ್ತದೆ ಎಂಬ ಅಳತೆ). ಕೂಡಲೇ ಫಿಟ್ಟನ್ನು ಗ್ರಾಫ್ ಹಾಕಿ ನೋಡಬಹುದು. ಅಂಕಿ ನೋಡುವ ಮೊದಲು ಗ್ರಾಫ್ ನೋಡಿ. ಈ ಪ್ಯಾಕೇಜಿನ ಮಟ್ಟಿಗೆ ಆ ಅಭ್ಯಾಸ ಬಹಳ ಮುಖ್ಯ, ಯಾಕೆಂದರೆ ಇದು ಏನು ಕೊಟ್ಟರೂ ಅಂಕಿ ಕೊಡುತ್ತದೆ. ತಪ್ಪು ಡೇಟಾ ಕೊಟ್ಟರೂ ಕೊಡುತ್ತದೆ.

ಹೊತ್ತಿನ ಮಾನವನ್ನೇ ತೆಗೆದುಕೊಳ್ಳಿ. ಕಿನ್‌ಫಿಟ್‌ಆರ್‌ಗೆ ಹೊತ್ತು ನಿಮಿಷದಲ್ಲಿ ಬೇಕು. ಪೆಟ್-ಬಿಡ್ಸ್ ಎಂಬ, ಡೇಟಾ ಜೋಡಿಸಿಡುವ ಕ್ರಮದ ಫೈಲುಗಳಲ್ಲಿ ಫ್ರೇಮಿನ ಹೊತ್ತು ಸೆಕೆಂಡಿನಲ್ಲಿರುತ್ತದೆ. ಅರವತ್ತರಿಂದ ಭಾಗಿಸುವುದು ಮರೆತರೆ ಎಸ್‌ಆರ್‌ಟಿಎಂ ತಕರಾರಿಲ್ಲದೆ ಓಡುತ್ತದೆ, ಬೈಂಡಿಂಗ್ ಪೊಟೆನ್ಷಿಯಲ್ಲೂ ಸರಿಯಾಗಿಯೇ ಬರುತ್ತದೆ! ಅದಕ್ಕೆ ಮಾನವೇ ಇಲ್ಲ, ಬರೀ ಅನುಪಾತ. ಕೆ2 ಮಾತ್ರ ಅರವತ್ತು ಪಟ್ಟು ಚಿಕ್ಕದು. ಹಾಗಾಗಿ ತಪ್ಪು ಅಲ್ಲಿ ಸಿಕ್ಕಿಬೀಳುವುದಿಲ್ಲ. ಅದೇ ಸ್ಕ್ರಿಪ್ಟನ್ನು ರಕ್ತದ ಡೇಟಾ ಇರುವ ಮಾದರಿಗೆ ತಿರುಗಿಸಿದಾಗ ಎಲ್ಲ ಕೆಡುತ್ತದೆ: ವಿಳಂಬಕ್ಕೆ (ರಕ್ತದ ಅಳತೆಗೂ ಮೆದುಳಿಗೂ ಟ್ರೇಸರ್ ಮುಟ್ಟುವ ಹೊತ್ತಿನ ಅಂತರಕ್ಕೆ) ಅರ್ಧ ನಿಮಿಷ ಅಂತ ಹಾಕಿದ ಮಿತಿ ಅರ್ಧ ಸೆಕೆಂಡ್ ಆಗಿರುತ್ತದೆ. ರಕ್ತ ನಿಮಿಷದಲ್ಲೂ ಮೆದುಳು ಸೆಕೆಂಡಿನಲ್ಲೂ ಇದ್ದರಂತೂ ಕೇಳುವುದೇ ಬೇಡ.

ವಿಕಿರಣದ ಮಾನದ್ದೂ ಇದೇ ಕತೆ. ರಕ್ತ ಕಿಲೋಬೆಕೆರೆಲ್‌ನಲ್ಲಿ, ಮೆದುಳು ಬೆಕೆರೆಲ್‌ನಲ್ಲಿ ಇದ್ದರೆ ವಿಟಿ (ಮೆದುಳಿನಲ್ಲಿ ಸೇರುವ ಟ್ರೇಸರ್‌ಗೂ ಪ್ಲಾಸ್ಮಾದಲ್ಲಿರುವುದಕ್ಕೂ ಇರುವ ಅನುಪಾತ) ಸಾವಿರ ಪಟ್ಟು ದೊಡ್ಡದಾಗಬೇಕು. ಆಗ ಅಂಕಿಗಳು ಹೋಗಿ ಮೇಲಿನ ಮಿತಿಗೆ ಬಡಿದು ನಿಲ್ಲುತ್ತವೆ, ಪ್ಯಾಕೇಜು ಎಚ್ಚರಿಕೆಯ ಸಾಲು ಹಾಕುತ್ತದೆ. ಆ ಕೆಂಪು ಸಾಲನ್ನು ಓದದೆ ಮಿತಿಯನ್ನೇ ಹಿಗ್ಗಿಸುವವರು ಇದ್ದಾರೆ. ಮೊದಲು ಮಾನ ನೋಡಿ, ಆಮೇಲೆ ಡಿಕೇ ತಿದ್ದುಪಡಿ (ಹೊತ್ತಿನ ಜೊತೆ ಕುಗ್ಗಿದ ವಿಕಿರಣವನ್ನು ಲೆಕ್ಕದಲ್ಲಿ ತುಂಬಿಕೊಡುವುದು) ರಕ್ತಕ್ಕೂ ಮೆದುಳಿಗೂ ಒಂದೇ ಸೊನ್ನೆ ಹೊತ್ತಿಗೆ ಆಗಿದೆಯೇ ನೋಡಿ, ಅದೆಲ್ಲ ಸರಿ ಇದ್ದರೆ ಮಲ್ಟಿಸ್ಟಾರ್ಟ್ ಕೊಟ್ಟು ಹಲವು ಆರಂಭ ಬಿಂದುಗಳಿಂದ ಫಿಟ್ ಓಡಿಸಿ. ಮಿತಿ ಹಿಗ್ಗಿಸುವುದು ಕೊನೆಗೆ.

ಈಗ ತೂಕ. ಕೊಡದಿದ್ದರೆ ಪ್ಯಾಕೇಜು ಎಲ್ಲ ಫ್ರೇಮುಗಳನ್ನೂ ಸಮ ಎಂದು ಹಿಡಿಯುತ್ತದೆ, ಅದು ಸರಿಯಲ್ಲ. ಕಾರ್ಬನ್-11 ಟ್ರೇಸರ್‌ನ 90 ನಿಮಿಷದ ಸ್ಕ್ಯಾನ್‌ನಲ್ಲಿ ಕೊನೆಗೆ ಉಳಿಯುವ ವಿಕಿರಣ ಶುರುವಿನದರ ಇಪ್ಪತ್ತೊಂದನೇ ಒಂದು ಪಾಲು. ಡಿಕೇ ತಿದ್ದುಪಡಿ ಆ ಫ್ರೇಮನ್ನು ಇಪ್ಪತ್ತೊಂದರಿಂದ ಗುಣಿಸುತ್ತದೆ, ಜೊತೆಗೆ ಅದರ ನಾಯ್ಸನ್ನೂ. ಮೊದಲ ಹತ್ತು ಸೆಕೆಂಡಿನ ಫ್ರೇಮುಗಳಲ್ಲಿ ಎಣಿಕೆ ಬೇರೆ ಕಾರಣಕ್ಕೆ ಕಡಿಮೆ: ಹೊತ್ತೇ ಚಿಕ್ಕದು. ತೂಕ ಲೆಕ್ಕಹಾಕುವ ಫಂಕ್ಷನ್ ಪ್ಯಾಕೇಜಿನಲ್ಲೇ ಇದೆ. ಫ್ರೇಮಿನ ಶುರು, ಕೊನೆ, ಟ್ಯಾಕ್ ಮತ್ತು ಐಸೋಟೋಪಿನ ಹೆಸರು ಕೊಟ್ಟರೆ ಮುಗಿಯಿತು. ಒಂದು ಸ್ಕ್ಯಾನಿಗೆ ಒಂದೇ ತೂಕದ ಪಟ್ಟಿ ಮಾಡಿ ಎಲ್ಲ ಭಾಗಗಳಿಗೂ ಅದನ್ನೇ ಬಳಸಿ. ಭಾಗಕ್ಕೊಂದು ತೂಕ ಮಾಡಿಕೊಂಡರೆ ಹೋಲಿಕೆ ಹದ ತಪ್ಪುತ್ತದೆ.

ಪ್ಯಾಕೇಜಿನ ನಿಜವಾದ ಕಸುವು ಕಾಣುವುದು ಅಪಧಮನಿಯ ರಕ್ತ ಇರುವಾಗ. ಜೊತೆಗೆ ಬರುವ ಎರಡನೇ ಡೇಟಾ ಪಿಬಿಆರ್28 ಎಂಬ ಟ್ರೇಸರಿನದ್ದು: ಹತ್ತು ಜನ, ಒಬ್ಬೊಬ್ಬರಿಗೆ ಎರಡು ಸಲ ಸ್ಕ್ಯಾನ್, ರಕ್ತದ ಮಾದರಿ ಸಮೇತ. ಇಲ್ಲಿ ಪ್ಲಾಸ್ಮಾದ ಒಟ್ಟು ವಿಕಿರಣವನ್ನು ಹಾಗೇ ಇನ್‌ಪುಟ್ ಮಾಡುವಂತಿಲ್ಲ. ದೇಹ ಟ್ರೇಸರನ್ನು ಒಡೆಯುತ್ತಾ ಹೋಗುತ್ತದೆ, ಒಡೆದ ಚೂರುಗಳಲ್ಲೂ ವಿಕಿರಣ ಇರುತ್ತದೆ. ಒಡೆಯದೆ ಉಳಿದ ಪಾಲನ್ನು, ಅಂದರೆ ಪೇರೆಂಟ್ ಫ್ರಾಕ್ಷನ್ನನ್ನು, ಪ್ಲಾಸ್ಮಾಕ್ಕೆ ಗುಣಿಸಬೇಕು. ಅದಕ್ಕೆ ಹಿಲ್, ಪವರ್, ಎಕ್ಸ್‌ಪೊನೆನ್ಷಿಯಲ್ ಮುಂತಾದ ರೇಖೆಗಳು ಸಿದ್ಧ ಇವೆ. ಯಾವುದು ಕೂರುತ್ತದೆ ಎಂದು ಹಾಕಿ ನೋಡಿ ಆರಿಸಬೇಕು. ಕೊನೆಕೊನೆಗೆ ತೆಗೆದ ರಕ್ತದಲ್ಲಿ ಎಣಿಕೆ ಕಡಿಮೆಯಿದ್ದು ಚುಕ್ಕಿಗಳು ಎದ್ದು ಬಿದ್ದು ಇರುತ್ತವೆ, ರೇಖೆ ಅಲ್ಲಿ ಮೇಲಕ್ಕೆ ಬಾಗಿದರೆ ಅದನ್ನು ಬಿಟ್ಟುಬಿಡಿ. ಒಡೆದ ಟ್ರೇಸರ್ ಮತ್ತೆ ಕೂಡಿಕೊಳ್ಳುವುದಿಲ್ಲ.

ವಿಳಂಬದ ವಿಷಯಕ್ಕೆ ಬಂದರೆ, ರಕ್ತ ತೆಗೆಯುವುದು ಮಣಿಕಟ್ಟಿನಿಂದ, ಟ್ರೇಸರ್ ಮೆದುಳಿಗೆ ಹೋಗುವುದು ಕುತ್ತಿಗೆಯ ಹಾದಿಯಿಂದ. ಎರಡೂ ಕಡೆ ಒಂದೇ ಗಳಿಗೆಗೆ ಮುಟ್ಟುವುದಿಲ್ಲ. ಜೊತೆಗೆ ಗಾಜನೂರಿನಲ್ಲಿ ಗೇಟು ಎತ್ತಿದ ನೀರು ಶಿವಮೊಗ್ಗದ ಸೇತುವೆಯ ಹತ್ತಿರ ಬರುವಷ್ಟರಲ್ಲಿ ಅಬ್ಬರ ಇಳಿದು ಹರಡಿಕೊಳ್ಳುವಂತೆ, ಕೊಳವೆಯಲ್ಲಿ ಹರಿದು ಯಂತ್ರ ಮುಟ್ಟುವ ಹೊತ್ತಿಗೆ ರಕ್ತದ ಶಿಖರ ಚಪ್ಪಟೆಯಾಗಿರುತ್ತದೆ. ಕಿನ್‌ಫಿಟ್‌ಆರ್‌ನ ಟುಟಿಸಿಎಂ ಮಾದರಿ (ಮೆದುಳಿನ ಭಾಗವನ್ನು ಎರಡು ಕೋಣೆ ಎಂದು ಎಣಿಸುವುದು) ವಿಳಂಬವನ್ನು ತಾನೇ ಫಿಟ್ ಮಾಡುತ್ತದೆ. ಹರಡಿಕೊಂಡದ್ದನ್ನು ತಿದ್ದಲು ಬೇರೆ ಫಂಕ್ಷನ್ ಇದೆ, ಅದನ್ನು ಮೊದಲೇ ಓಡಿಸಬೇಕು. ಅನುಭವಿಗಳ ಕ್ರಮ ಹೀಗೆ: ಇಡೀ ಮೆದುಳಿನ ಟ್ಯಾಕ್ ಒಂದಕ್ಕೆ ಟುಟಿಸಿಎಂ ಫಿಟ್ ಮಾಡಿ ವಿಳಂಬ ತೆಗೆಯಿರಿ, ಆ ಅಂಕಿಯನ್ನು ಕಟ್ಟಿಹಾಕಿ ಉಳಿದೆಲ್ಲ ಭಾಗಗಳಿಗೂ ಅದನ್ನೇ ಕೊಡಿ. ಭಾಗಕ್ಕೊಂದು ವಿಳಂಬ ಬರಲು ಬಿಟ್ಟರೆ ಹೊತ್ತೂ ದಂಡ, ಚಿಕ್ಕ ಭಾಗಗಳಲ್ಲಿ ಅಂಕಿಯೂ ದಿಕ್ಕುತಪ್ಪುತ್ತದೆ.

ರಕ್ತದ ಪ್ರಮಾಣದ (ಮೆದುಳಿನ ಭಾಗದೊಳಗೆ ರಕ್ತ ತುಂಬಿರುವ ಪಾಲಿನ) ವಿಷಯದಲ್ಲಿ ಒಂದು ಬಲೆ ಇದೆ. ಟುಟಿಸಿಎಂಗೆ ಅದನ್ನು ಹೇಳದೆ ಬಿಟ್ಟರೆ ಫಿಟ್ ಮಾಡಿಕೊಳ್ಳುತ್ತದೆ, ಲೋಗನ್‌ಗೆ (ಗೆರೆಯ ಇಳಿಜಾರಿನಿಂದ ವಿಟಿ ತೆಗೆಯುವ ವಿಧಾನಕ್ಕೆ) ಹೇಳದೆ ಬಿಟ್ಟರೆ ಸೊನ್ನೆ ಎಂದು ಹಿಡಿಯುತ್ತದೆ. ಎರಡರ ವಿಟಿ ಬೇರೆ ಬಂತು ಅಂತ ಮಾದರಿಯನ್ನು ಬೈಯುವ ಮೊದಲು ಇದನ್ನು ನೋಡಿ. ಎರಡಕ್ಕೂ 0.05 ಅಂತ ಕೊಟ್ಟು ಹೋಲಿಸಿ.

ಟುಟಿಸಿಎಂ ಕೊಡುವ ಕೆ3, ಕೆ4ಗಳನ್ನು (ಟ್ರೇಸರ್ ಅಂಟುವ ದರ, ಬಿಡುವ ದರ) ಬಿಡಿಬಿಡಿಯಾಗಿ ನಂಬಬೇಡಿ. ಕೆ1 ಅಂದರೆ ಒಳಹೋಗುವ ದರ, ವಿಟಿ ಎಂದರೆ (ಕೆ1/ಕೆ2) × (1 + ಕೆ3/ಕೆ4). ಕೆ1, ಕೆ2 ಎರಡೂ 0.1, ಕೆ3, ಕೆ4 ಎರಡೂ 0.05 ಆದರೆ ವಿಟಿ 2. ಕೆ3, ಕೆ4 ಎರಡನ್ನೂ 0.06 ಮಾಡಿದರೂ ವಿಟಿ 2 ಆಗಿಯೇ ಉಳಿಯುತ್ತದೆ, ಟ್ಯಾಕ್‌ನ ರೇಖೆಯೂ ಹೆಚ್ಚು ಕದಲುವುದಿಲ್ಲ. ಫಿಟ್‌ನ ಜೊತೆ ಬರುವ ಸ್ಟ್ಯಾಂಡರ್ಡ್ ಎರರ್ ಕಾಲಮ್ಮಿನಲ್ಲಿ ಇದು ಎದ್ದು ಕಾಣುತ್ತದೆ. ಆ ಕಾಲಮ್ಮನ್ನು ಮುಚ್ಚಿಡದೆ ಅಂಕಿಯ ಪಕ್ಕದಲ್ಲೇ ಇಟ್ಟಿರುವುದಕ್ಕೆ ಬರೆದವರಿಗೆ ಪೂರ್ತಿ ಅಂಕ.

ಲೋಗನ್ ಪ್ಲಾಟ್‌ನಲ್ಲಿ ಟಿ-ಸ್ಟಾರ್ ಆರಿಸಬೇಕು, ಅಂದರೆ ಗೆರೆ ಎಲ್ಲಿಂದ ನೆಟ್ಟಗಾಗುತ್ತದೆ ಎಂಬುದು. ಇಲ್ಲಿ ಹೊಸಬರು ಎಡವುವುದು ಎಣಿಕೆಯ ದಿಕ್ಕಿನಲ್ಲಿ: ಫ್ರೇಮುಗಳನ್ನು ಕೊನೆಯಿಂದ ಎಣಿಸಬೇಕು, 10 ಅಂದರೆ ಕೊನೆಯ ಹತ್ತು ಫ್ರೇಮು. ಹೊಸ ಆವೃತ್ತಿಯಲ್ಲಿ ನಿಮಿಷದಲ್ಲೂ ಕೊಡಬಹುದು. ಕಡಿಮೆ, ಮಧ್ಯಮ, ಹೆಚ್ಚು ಬೈಂಡಿಂಗ್ ಇರುವ ಮೂರು ಭಾಗ ಕೊಟ್ಟರೆ ಟಿ-ಸ್ಟಾರ್ ಆರಿಸಲು ಗ್ರಾಫುಗಳ ಒಂದು ಹಾಳೆಯನ್ನೇ ಬಿಡಿಸಿಕೊಡುವ ಫಂಕ್ಷನ್ ಇದೆ. ಇಡೀ ಪ್ಯಾಕೇಜಿನಲ್ಲಿ ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ ಅನ್ನಬಹುದು. ನಾಯ್ಸ್ ಹೆಚ್ಚಿದ್ದರೆ ಲೋಗನ್ ವಿಟಿಯನ್ನು ಕಡಿಮೆ ತೋರಿಸುತ್ತದೆ. ಅದು ಪ್ಯಾಕೇಜಿನ ತಪ್ಪಲ್ಲ, ವಿಧಾನದ ಗುಣ. ಆಗ ಎಂಎ1 ಎಂಬ ಇನ್ನೊಂದು ವಿಧಾನ ಓಡಿಸಿ ನೋಡಿ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ಮಾತಿಗೆ. ಎಸ್‌ಆರ್‌ಟಿಎಂ ನಿಂತಿರುವುದು ರಿಸೆಪ್ಟರ್ ಇಲ್ಲದ ಒಂದು ಭಾಗ ಮೆದುಳಿನಲ್ಲಿದೆ ಎಂಬ ನಂಬಿಕೆಯ ಮೇಲೆ. ರಾಕ್ಲೊಪ್ರೈಡ್ ಎಂಬ ಟ್ರೇಸರಿಗೆ ಕಿರುಮೆದುಳು ಅಂಥ ಭಾಗ. ಪಿಬಿಆರ್28 ಅಂಟುವ ಟಿಎಸ್‌ಪಿಓ ಪ್ರೋಟೀನು ಕಿರುಮೆದುಳಿನಲ್ಲೂ ಇದೆ. ಹಾಗಿದ್ದೂ ಆ ಡೇಟಾವನ್ನು ಕಿರುಮೆದುಳಿನ ಜೊತೆ ಎಸ್‌ಆರ್‌ಟಿಎಂಗೆ ತುಂಬಿದರೆ ಪ್ಯಾಕೇಜು ಚಕಾರ ಎತ್ತದೆ ಬೈಂಡಿಂಗ್ ಪೊಟೆನ್ಷಿಯಲ್ ಕೊಡುತ್ತದೆ, ಅದಕ್ಕೆ ಅರ್ಥವಿಲ್ಲ. ಎಫ್‌ಡಿಜಿಯನ್ನು (ಗ್ಲೂಕೋಸಿನಂಥ ಟ್ರೇಸರನ್ನು) ಲೋಗನ್‌ಗೆ ಕೊಟ್ಟರೂ ಅಷ್ಟೆ: ಎಫ್‌ಡಿಜಿ ಜೀವಕೋಶದಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಬಹಳ ಕಮ್ಮಿ, ಅದಕ್ಕೆ ಬೇಕಾದದ್ದು ಪ್ಯಾಟ್ಲಾಕ್ ಎಂಬ ವಿಧಾನ ಅಥವಾ ಕೆ4 ಇಲ್ಲದ ಟುಟಿಸಿಎಂ, ಎರಡೂ ಇಲ್ಲಿವೆ. ಪಿಬಿಆರ್28ರಲ್ಲಿ ಇನ್ನೊಂದು ಸಂಗತಿ, ಆರ್‌ಎಸ್6971 ಎಂಬ ಜೀನ್ ವ್ಯತ್ಯಾಸದಿಂದ ಜನರಲ್ಲಿ ಟ್ರೇಸರ್ ಅಂಟುವ ಬಲವೇ ಬೇರೆಬೇರೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಇಬ್ಬರ ವಿಟಿ ಹೋಲಿಸುವುದು ದಂಡ. ಡೇಟಾದಲ್ಲಿ ಜೀನೋಟೈಪ್ ಕಾಲಂ ಇಟ್ಟಿರುವುದು ಸುಮ್ಮನೆ ಅಲ್ಲ.

ದೂರು ಅಂದರೆ ಎರಡು. ವಿವರಣೆಯ ಪುಟಗಳು ಮಾದರಿ ಗೊತ್ತಿದ್ದವರಿಗೆ ಬರೆದವು. ಎಂ.ಎಸ್ಸಿ ಭೌತಶಾಸ್ತ್ರದ ಹುಡುಗರಿಗೆ ಕಂಪಾರ್ಟ್‌ಮೆಂಟ್ ಸಮೀಕರಣ ಸುಲಭ, ಯಾವ ಟ್ರೇಸರಿಗೆ ಯಾವ ಮಾದರಿ ಎಂಬುದು ಕಷ್ಟ. ಅದನ್ನು ಈ ಪುಟಗಳಿಂದಲೇ ಕಲಿಯಲು ಆಗದು. ಎರಡನೆಯದು, ಆವೃತ್ತಿ ಬದಲಾದಾಗ ಕೆಲವು ಆರ್ಗ್ಯುಮೆಂಟುಗಳ ಹೆಸರೂ ಬದಲಾಗಿವೆ, ಟಿ-ಸ್ಟಾರ್‌ದು ಅದರಲ್ಲೊಂದು. ಹಳೆಯ ಸ್ಕ್ರಿಪ್ಟು ಹೊಸದರಲ್ಲಿ ಗೊಣಗುತ್ತದೆ. ಐದಕ್ಕೆ ನಾಲ್ಕು ಕೊಡಬಹುದು.

ಇನ್‌ಸ್ಟಾಲ್ ಮಾಡುವುದು ಗಿಟ್‌ಹಬ್‌ನಿಂದ, ರಿಮೋಟ್ಸ್ ಪ್ಯಾಕೇಜಿನ ಮೂಲಕ. ಇದರ ಬೆನ್ನಿಗೆ ಬೇರೆ ಪ್ಯಾಕೇಜುಗಳ ದೊಡ್ಡ ದಂಡೇ ಇಳಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ, ಅರ್ಧ ಇಳಿದ ಪ್ಯಾಕೇಜು ಆಮೇಲೆ ಲಾಕ್ ಫೋಲ್ಡರ್ ಬಿಟ್ಟು ತಕರಾರು ಮಾಡುತ್ತದೆ. ಆರ್‌ನ ಲೈಬ್ರರಿಗೆ ಹೋಗಿ ಸೊನ್ನೆ ಸೊನ್ನೆ ಲಾಕ್ (00LOCK) ಎಂದು ಶುರುವಾಗುವ ಫೋಲ್ಡರ್ ಅಳಿಸಿ ಮತ್ತೆ ಓಡಿಸಿ. ಒಮ್ಮೆ ಇಳಿದ ಮೇಲೆ ನೆಟ್ಟಿನ ಹಂಗಿಲ್ಲ, ಎರಡು ಡೇಟಾಗಳೂ ಒಳಗೇ ಇವೆ. ಪ್ರಾಜೆಕ್ಟ್ ವರದಿ ಬರೆಯುವವರು ಆರ್‌ಎನ್ವ್ ಎಂಬ ಪ್ಯಾಕೇಜು ಹಾಕಿಕೊಂಡು ಆವೃತ್ತಿಯನ್ನು ಕಟ್ಟಿಹಾಕಿ, ಅದರ ಸಂಖ್ಯೆಯನ್ನು ವಿಧಾನದ ಭಾಗದಲ್ಲಿ ಟಿ-ಸ್ಟಾರ್, ತೂಕದ ಕ್ರಮ, ರಕ್ತದ ಪ್ರಮಾಣಗಳ ಪಕ್ಕದಲ್ಲೇ ಬರೆಯಿರಿ.