ಫ್ಲ್ಯಾಟ್‌ಪ್ಯಾಕ್ ಕಪಾಟು, ವರ್ಷಗಳ ಬಳಕೆಯ ನಂತರ: ಲೋಹಕ್ಕೆ ನಾಲ್ಕೂವರೆ, ಹಲಗೆಗೆ ಎರಡು

ಚಪ್ಪಟೆ ಪೆಟ್ಟಿಗೆಯಲ್ಲಿ ಬಂದು ಅಲೆನ್ ಕೀಲಿಯಿಂದ ಎದ್ದು ನಿಲ್ಲುವ ಪಾರ್ಟಿಕಲ್ ಬೋರ್ಡ್ (ಮರದ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಕಪಾಟನ್ನು ಮೊದಲ ವಾರ ಯಾರು ಬೇಕಾದರೂ ಹೊಗಳಬಹುದು. ಅದರ ಅಸಲಿ ಗುಣ ತಿಳಿಯುವುದು ಬಾಗಿಲು ಜೋತುಬಿದ್ದಾಗ, ಡ್ರಾಯರ್ ಅರ್ಧಕ್ಕೇ ಕಚ್ಚಿಕೊಂಡಾಗ, ಆ ಮಾದರಿಯ ಮಾರಾಟವೇ ನಿಂತುಹೋದಾಗ. ಐದಕ್ಕೆ ಅಂಕ ಕೊಡುವುದಾದರೆ ಲೋಹದ ಭಾಗಗಳಿಗೆ ನಾಲ್ಕೂವರೆ, ಹಲಗೆಗೆ ಎರಡು. ಲೋಹದ್ದು ಏನೇ ಹೋದರೂ ಬದಲಿ ಸಿಗುತ್ತದೆ. ಹಲಗೆ ನೀರು ಕುಡಿದರೆ ಅಲ್ಲಿಗೆ ಮುಗಿಯಿತು.

ಬಿಡಿಭಾಗ ಹುಡುಕುವಾಗ ಹೆಚ್ಚಿನವರು ಕಪಾಟಿನ ಹೆಸರು ಹಿಡಿದು ಹೊರಡುತ್ತಾರೆ. ಹಿಡಿಯಬೇಕಾದದ್ದು ಅಳತೆ. ಜೋಡಣೆಯ ಪುಸ್ತಿಕೆ ಉಳಿದಿದ್ದರೆ ಕೆಲಸ ಸಲೀಸು: ಐಕಿಯಾದಂಥ ಕಂಪನಿಗಳು ಪ್ರತಿ ಸ್ಕ್ರೂ, ಗೂಟದ ಚಿತ್ರದ ಪಕ್ಕದಲ್ಲೇ ಸಾಮಾನ್ಯವಾಗಿ ಆರಂಕಿಯ ಸಂಖ್ಯೆ ಅಚ್ಚು ಹಾಕಿರುತ್ತವೆ. ಪುಸ್ತಿಕೆ ಇಲ್ಲವಾದರೂ ಗಾಬರಿ ಬೇಡ. ಈ ಕಪಾಟುಗಳಲ್ಲಿ ಬಹುಪಾಲು 32 ಮಿ.ಮೀ. ಪದ್ಧತಿಯಲ್ಲಿ ಕೊರೆದವು. ಪಕ್ಕದ ಹಲಗೆಯಲ್ಲಿ 5 ಮಿ.ಮೀ. ತೂತುಗಳ ಸಾಲು, ಒಂದರಿಂದ ಒಂದಕ್ಕೆ 32 ಮಿ.ಮೀ., ಮುಂಚೂಣಿಯ ಅಂಚಿನಿಂದ 37 ಮಿ.ಮೀ. ವರ್ನಿಯರ್ ಕ್ಯಾಲಿಪರ್ ಇಟ್ಟಾಗ ಈ ಮೂರೂ ತಾಳೆಯಾದರೆ ಯಾವ ಕಂಪನಿಯ ಹಿಂಜ್, ಡ್ರಾಯರ್ ಜಾರುವ ಚಾನೆಲ್ ಆದರೂ ಕೂರುವ ಸಾಧ್ಯತೆ ಹೆಚ್ಚು. ತಾಳೆಯಾಗದಿದ್ದರೆ ತಯಾರಕರು ತಮ್ಮದೇ ಲೆಕ್ಕದಲ್ಲಿ ಕೊರೆದಿದ್ದಾರೆ ಎಂದರ್ಥ. ಅಂಥ ಕಪಾಟಿಗೆ ಒಂದು ಅಂಕ ಕಡಿಮೆ ಕೊಡಿ.

ಹೆಚ್ಚು ತಲೆನೋವು ಕೊಡುವುದು ಕ್ಯಾಮ್ ಲಾಕ್, ಅಂದರೆ ಹಲಗೆಯೊಳಗೆ ಹುದುಗಿ ಕೂತು, ತಿರುಗಿಸಿದಾಗ ಇನ್ನೊಂದು ಹಲಗೆಯ ಬೋಲ್ಟನ್ನು ಹಿಡಿದೆಳೆಯುವ ಬಿಲ್ಲೆ. ಅದರ ವ್ಯಾಸ ಸಾಮಾನ್ಯವಾಗಿ 15 ಮಿ.ಮೀ. ಅದೊಂದನ್ನೇ ನೋಡಿ ಕೊಂಡರೆ ಕೆಡುತ್ತದೆ. ಇನ್ನೆರಡು ಅಳತೆ ಬೇಕು. ಒಂದು, ಹಲಗೆಯ ದಪ್ಪ: 16 ಮಿ.ಮೀ. ಹಲಗೆಯಲ್ಲಿ ಬೋಲ್ಟ್ ಮೇಲ್ಮೈಯಿಂದ 8 ಮಿ.ಮೀ. ಆಳದಲ್ಲಿ ಬರುತ್ತದೆ, 18ರಲ್ಲಿ 9. ಎತ್ತರ ತಪ್ಪಿದ ಬಿಲ್ಲೆ ಬೋಲ್ಟಿನ ತಲೆಯನ್ನು ಹಿಡಿಯದೆ ಸುಮ್ಮನೆ ಸುತ್ತುತ್ತದೆ. ಇನ್ನೊಂದು, ಬಿಲ್ಲೆಯ ನಡುವಿನಿಂದ ಹಲಗೆಯ ಅಂಚಿಗಿರುವ ದೂರ: 24 ಅಥವಾ 34 ಮಿ.ಮೀ. ಬಿಲ್ಲೆ ಎರಡಕ್ಕೂ ಒಂದೇ, ಬೋಲ್ಟ್ ಬೇರೆ. ಗಟ್ಟಿಮುಟ್ಟಾದ ಬಿಲ್ಲೆಯನ್ನು ಎಸೆದು ಹೊಸದು ತಂದರೂ ಸಂದು ಮುಚ್ಚುತ್ತಿಲ್ಲವೆಂದರೆ, ನೂರಕ್ಕೆ ತೊಂಬತ್ತು ಪಾಲು ಎಡವಟ್ಟು ಬೋಲ್ಟಿನದ್ದೇ.

ಈ ಬಿಲ್ಲೆ ಸತುವಿನ ಮಿಶ್ರಲೋಹದ ಎರಕ. ಬಾಗುವುದು ಗೊತ್ತಿಲ್ಲ, ಒಡೆಯುವುದು ಮಾತ್ರ ಗೊತ್ತು. ಜೋಡಿಸುವ ಮೊದಲು ಅದರ ಬಾಣದ ಗುರುತು ಬೋಲ್ಟ್ ಬರುವ ತೂತಿನ ಕಡೆ ಇರಬೇಕು. ಅಲ್ಲಿಂದ ಸುಮಾರು ಅರ್ಧ ಸುತ್ತಿನೊಳಗೆ ಬಿಗಿ ಸಿಗುತ್ತದೆ. ಬಿಗಿ ಸಿಕ್ಕಿದ ಮೇಲೆ ಇನ್ನೂ ಒತ್ತಿ ತಿರುಗಿಸಿದರೆ ತಲೆ ಸೀಳುತ್ತದೆ. ಸ್ಕ್ರೂಡ್ರೈವರಿನ ಆಯ್ಕೆಯೂ ಮುಖ್ಯ. ತಲೆಯಲ್ಲಿ ದೊಡ್ಡ ಕೂಡುಗುರುತಿನ ನಡುವೆ ಸಣ್ಣ ಗೆರೆಗಳಿದ್ದರೆ ಅದು ಪೋಝಿಡ್ರೈವ್, ಪಿಝಡ್ 2 ಬಿಟ್ ಬೇಕು. ಮಾಮೂಲಿ ಫಿಲಿಪ್ಸ್ ಹಾಕಿದರೆ ಜಾರಿ ತಲೆಯನ್ನೇ ತಿಂದುಹಾಕುತ್ತದೆ. ಡ್ರಿಲ್ ಮೆಷಿನ್‌ನಿಂದ ಕ್ಯಾಮ್ ಬಿಗಿಯುವವರಿಗೆ ಹೇಳುವುದೇನಿಲ್ಲ, ಒಂದು ಡಜನ್ ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಜೋತುಬಿದ್ದ ಬಾಗಿಲಿಗೆ ಹಿಂಜ್ ಬದಲಿಸುವ ಮೊದಲು ಅದರ ಸ್ಕ್ರೂಗಳನ್ನು ತಿರುಗಿಸಿ ನೋಡಿ. ಅಕ್ಕಪಕ್ಕ, ಹಿಂದೆ ಮುಂದೆ, ಮೇಲೆ ಕೆಳಗೆ ಮೂರೂ ದಿಕ್ಕಿಗೆ ಎರಡು ಮಿ.ಮೀ. ಆಸುಪಾಸು ಸರಿಸಬಹುದು. ಬದಲಿಸಲೇಬೇಕಾದರೆ, ಬಾಗಿಲಲ್ಲಿ ಹುದುಗುವ ಹಿಂಜ್‌ನ ಬಟ್ಟಲು ಸಾಮಾನ್ಯವಾಗಿ 35 ಮಿ.ಮೀ., ಅದರ ಎರಡು ಸ್ಕ್ರೂಗಳ ಅಂತರ 45, 48 ಅಥವಾ 52 ಮಿ.ಮೀ. ಈ ಅಂತರ ಅಳೆಯದೆ ತಂದರೆ ಬಾಗಿಲಿಗೆ ಹೊಸ ತೂತು ಬೀಳುತ್ತದೆ. ತೋಳಿನ ಬಾಗನ್ನೂ ನೋಡಿ: ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಾದರೆ ನೇರ ತೋಳು, ಅರ್ಧ ಮುಚ್ಚುವುದಾದರೆ ಸ್ವಲ್ಪ ಬಾಗಿದ್ದು, ಒಳಗೇ ಕೂರುವುದಾದರೆ ಹೆಚ್ಚು ಬಾಗಿದ್ದು.

ಆದರೆ ನಿಜವಾದ ಕಾಯಿಲೆ ಹಿಂಜ್‌ನಲ್ಲಿರುವುದಿಲ್ಲ, ಸ್ಕ್ರೂ ಹಿಡಿದ ತೂತಿನಲ್ಲಿರುತ್ತದೆ. ಚಕ್ಕೆಗಳು ಪುಡಿಯಾಗಿ ಸ್ಕ್ರೂ ಬೆರಳಲ್ಲೇ ಎದ್ದು ಬರುತ್ತದೆ. ಹಲ್ಲುಕಡ್ಡಿ, ಅಂಟು ತುಂಬುವ ಉಪಾಯ ಹಿಡಿಕೆಗೆ ಸಾಕು, ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲಿಗೆ ಸಾಲದು. ಅದಕ್ಕೆ ಸರಿಯಾದ ಕ್ರಮ: ತೂತನ್ನು 8 ಮಿ.ಮೀ.ಗೆ ಅಗಲಿಸಿ, 16 ಮಿ.ಮೀ. ಹಲಗೆಯಲ್ಲಿ 11-12 ಮಿ.ಮೀ. ಆಳಕ್ಕೆ ನಿಲ್ಲಿಸಿ (ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿಕೊಂಡರೆ ಆಚೆ ತೂರುವುದಿಲ್ಲ). ಪುಡಿ ಊದಿ ತೆಗೆದು, ಒಳಗೋಡೆಗೆ ಬಿಳಿ ಮರದಂಟು ಸವರಿ, 8 ಮಿ.ಮೀ. ಮರದ ಗೂಟ ಬಡಿಯಿರಿ. ಒಂದು ರಾತ್ರಿ ಬಿಟ್ಟು ಮಟ್ಟಕ್ಕೆ ಕೊಯ್ದು, 2.5 ಮಿ.ಮೀ. ತೂತು ಕೊರೆದು, 3.5 × 16 ಸ್ಕ್ರೂ ಹಾಕಿ. ಒಳಗೆ ಕಾಗದದ ಜೇನುಗೂಡಿರುವ ಟೊಳ್ಳು ಹಲಗೆಗೆ ಈ ಉಪಾಯ ನಡೆಯದು. ಅಲ್ಲಿ ಗಟ್ಟಿ ಪಟ್ಟಿ ಇರುವುದು ಅಂಚಿನಲ್ಲಿ ಮಾತ್ರ.

ಡ್ರಾಯರ್ ಚಾನೆಲ್‌ಗಳ ಉದ್ದ 50 ಮಿ.ಮೀ. ಅಂತರದಲ್ಲಿ ಏರುತ್ತದೆ: 350, 400, 450 ಹೀಗೆ. ಬಾಲ್ ಬೇರಿಂಗ್ ಇದ್ದದ್ದಕ್ಕೆ ಪ್ರತಿ ಪಕ್ಕ ಸುಮಾರು 13 ಮಿ.ಮೀ. ಜಾಗ ಬೇಕು. ಬಿಳಿ ಗಾಲಿಯ ಚಾನೆಲ್‌ನಲ್ಲಿ ಎಡ ಬಲ ಬೇರೆ. ಸಿಎಲ್, ಸಿಆರ್ ಎಂದಿರುವುದು ಕಪಾಟಿಗೆ, ಡಿಎಲ್, ಡಿಆರ್ ಎಂದಿರುವುದು ಡ್ರಾಯರಿಗೆ. ಸವೆದ ಗಾಲಿಗೆ ಅಡುಗೆ ಎಣ್ಣೆ ಹಾಕಬೇಡಿ, ಧೂಳು ಹಿಡಿದು ಗೋಂದಾಗುತ್ತದೆ.

ಕಪಾಟಿನ ಅಡ್ಡ ತಟ್ಟೆ (ಶೆಲ್ಫ್) ಬಾಗಿದ್ದರೆ ತಲೆಕೆಳಗು ಮಾಡಿಡುವುದು ತಾತ್ಕಾಲಿಕ ಉಪಶಮನ ಅಷ್ಟೇ. ಒಂದೇ ಸಮ ಪುಸ್ತಕ ಜೋಡಿಸಿದ 90 ಸೆಂ.ಮೀ. ತಟ್ಟೆ, 60 ಸೆಂ.ಮೀ. ತಟ್ಟೆಗಿಂತ ಸುಮಾರು ಐದು ಪಟ್ಟು ಬಾಗುತ್ತದೆ. ಮುಂದಿನ ಅಂಚಿನ ಕೆಳಗೆ 40 ಮಿ.ಮೀ. ಅಗಲದ ಮರದ ಪಟ್ಟಿಯನ್ನು ನಿಲುವಾಗಿ ಇಟ್ಟು, ಅಂಟು, ಸ್ಕ್ರೂ ಎರಡರಿಂದಲೂ ಕೂರಿಸಿ. ಹಲಗೆಯ ನುಣುಪು ಹೊದಿಕೆಯಾದ ಮೆಲಮೈನ್ ಮೇಲೆ ಮರದಂಟು ಹಿಡಿಯುವುದಿಲ್ಲ, ಅಂಟುವ ಜಾಗವನ್ನು ಉಜ್ಜಿ ಬೋರ್ಡ್ ಕಾಣಿಸಬೇಕು.

ಇಡೀ ಕಪಾಟು ಓಲಾಡುತ್ತಿದ್ದರೆ ಕ್ಯಾಮ್ ಬಿಗಿಯುತ್ತಾ ಕೂರಬೇಡಿ, ಹಿಂಬದಿ ನೋಡಿ. ಆ ತೆಳ್ಳನೆಯ 3 ಮಿ.ಮೀ. ಹಾರ್ಡ್‌ಬೋರ್ಡೇ ಚೌಕವನ್ನು ಚೌಕವಾಗಿ ಹಿಡಿದಿರುವುದು. ಮೊಳೆ ಸಡಿಲವಾಗಿದ್ದರೆ ಕಿತ್ತು, ಎರಡೂ ಕರ್ಣಗಳು ಸಮವಾಗುವ ತನಕ ಕಪಾಟನ್ನು ಒತ್ತಿ ಸರಿಪಡಿಸಿ, 10-15 ಸೆಂ.ಮೀ.ಗೊಂದರಂತೆ ಚಿಕ್ಕ ಸ್ಕ್ರೂ ಹಾಕಿ. ಮನೆ ಬದಲಿಸುವಾಗ ಕಳಚುವುದಾದರೆ ಈ ಸ್ಕ್ರೂಗಳು ಮೊಳೆಗಿಂತ ಎಷ್ಟೋ ಮೇಲು.

ನೆಲ ಒರೆಸುವ ನೀರು ಕಾಲಿನ ಅಂಚಿಗೆ ತಾಗಿ ಉಬ್ಬಿದ ಹಲಗೆ ಒಣಗಿದರೂ ಮೊದಲಿನ ದಪ್ಪಕ್ಕೆ ಇಳಿಯುವುದಿಲ್ಲ. ಚಕ್ಕೆಗಳ ಹಿಡಿತವೇ ಸಡಿಲಿರುತ್ತದೆ. ಆದ್ದರಿಂದ ಹೊಸದಿರುವಾಗಲೇ ಕೆಳಗಿನ ಬೆತ್ತಲೆ ಅಂಚುಗಳಿಗೆ ವಾರ್ನಿಶ್ ಎರಡು ಕೈ ಬಳಿದು, ಪ್ಲಾಸ್ಟಿಕ್ ಗಿಡ್ಡ ಕಾಲು ಹಾಕಿ ನೆಲದಿಂದ ಒಂದೆರಡು ಸೆಂ.ಮೀ. ಎತ್ತಿಡಿ.